ಪ್ರೆಸೆಂಟ್ಲಿ ಅಂದ್ರೆ ಯಾವಾಗ?

ಕೆಲವು ವರ್ಷಗಳ ಹಿಂದಿನ ಮಾತು. ಲಂಡನ್ನಿನವರೊಬ್ಬರಿಗೆ ಒಂದಿಷ್ಟು ಅನುವಾದದ ಕೆಲಸ ಮಾಡಿಕೊಟ್ಟಿದ್ದೆ. ದುಡ್ಡು ಯಾವಾಗ ಅಂತ ಕೇಳಿದ್ದಕ್ಕೆ, ‘ಪ್ರೆಸೆಂಟ್ಲಿ’ ಕಳಿಸುತ್ತೇವೆ ಅಂತ ಉತ್ತರ ಬಂತು. ಪ್ರೆಸೆಂಟ್ ಅಂದರೆ ಈಗ, ಅಂದಮೇಲೆ ಪ್ರೆಸೆಂಟ್ಲಿ ಅಂದರೆ ಈಗಲೇ... ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷು! ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಯೂಬಿಟ್ಟೆ: "ಸೊಸೈಟಿ ಸಾಲದ ಕಂತಿಗೆ ಯಾರ ಹತ್ರಾನೂ ಕೇಳ್ಬೇಡ, ದುಡ್ಡು ಹೊರಟಿದೆ."

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ತಾರೀಖು ಬರ್ದಿದಾರಾ?"

ಬರೆದಿರಲಿಲ್ಲ. ದುಡ್ಡು ಬಂದದ್ದು ಏಳು ವಾರದ ಮೇಲೆ. ಅಷ್ಟರಲ್ಲಿ ಗಡುವು ಮುಗಿದು, ಬಡ್ಡಿ ಬಿದ್ದು, ಅಪ್ಪ ಸೊಸೈಟಿಯಲ್ಲಿ ತಲೆ ತಗ್ಗಿಸಿ ನಿಂತು ಬಂದಿದ್ದ.

ಸಿಟ್ಟಿನಲ್ಲಿ ಡಿಕ್ಷನರಿ ತೆಗೆದೆ. ಅಲ್ಲಿ ಸಿಕ್ಕಿದ್ದು ಅರ್ಥವಲ್ಲ, ಒಂದು ಕತೆ.

ಶೇಕ್ಸ್‌ಪಿಯರನ ಕಾಲದಲ್ಲಿ ಪ್ರೆಸೆಂಟ್ಲಿ ಅಂದರೆ ಸಾಮಾನ್ಯವಾಗಿ ‘ತಕ್ಷಣ’ ಅಂತಲೇ. ‘ದಿ ಟೆಂಪೆಸ್ಟ್’ ನಾಟಕದಲ್ಲಿ ಪ್ರಾಸ್ಪೆರೊ ತನ್ನ ಗಣಗಳನ್ನು ಕರೆತರಲು ಹೇಳಿದಾಗ ಏರಿಯಲ್ ಈ ಒಂದೇ ಪದದಲ್ಲಿ ಪ್ರಶ್ನೆ ಕೇಳುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು ಅನ್ನುವ ಧಾಟಿಯ ಉತ್ತರ ಸಿಗುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಯೇಸುವಿನ ಮಾತಿಗೆ ಅಂಜೂರದ ಮರ ಒಣಗಿದ್ದೂ ‘ಪ್ರೆಸೆಂಟ್ಲಿ’. 1881ರಲ್ಲಿ ಹೊಸ ಒಡಂಬಡಿಕೆಯನ್ನು ಪರಿಷ್ಕರಿಸಿದವರು ಅದನ್ನು ತೆಗೆದು ‘ಇಮ್ಮೀಡಿಯೆಟ್ಲಿ’ ಅಂತ ಹಾಕಿದರು. ಯಾಕೆಂದರೆ ಅಷ್ಟರಲ್ಲಿ ಪ್ರೆಸೆಂಟ್ಲಿ ‘ಇನ್ನೇನು ಸ್ವಲ್ಪ ಹೊತ್ತಿಗೆ’ ಆಗಿಬಿಟ್ಟಿತ್ತು. ಹಳೇ ಪದ ಹಾಗೇ ಇದ್ದಿದ್ದರೆ ಮರ ನಿಧಾನಕ್ಕೆ ಒಣಗುತ್ತಿತ್ತು, ಪವಾಡವೇ ಕೆಡುತ್ತಿತ್ತು :-)

ಇದೊಂದೇ ಪದದ ಹಣೆಬರಹವಲ್ಲ. ‘ಸೂನ್’ ಹಳೇ ಇಂಗ್ಲಿಷಿನಲ್ಲಿ ‘ಕೂಡಲೇ’ ಆಗಿತ್ತು. ‘ಬೈ ಅಂಡ್ ಬೈ’ ಕೂಡ ಅಷ್ಟೇ. ಅದೇ 1611ರ ಬೈಬಲಿನಲ್ಲಿ ಸ್ನಾನಿಕ ಯೋಹಾನನ ತಲೆ ಈಗಿಂದೀಗಲೇ ಬೇಕು ಅಂತ ಹೆರೋದಿಯಳ ಮಗಳು ಕೇಳುವುದು ‘ಬೈ ಅಂಡ್ ಬೈ’ ಅಂತ. ‘ಅನಾನ್’ ಇನ್ನೊಂದು. ಶೇಕ್ಸ್‌ಪಿಯರನ ‘ನಾಲ್ಕನೇ ಹೆನ್ರಿ’ಯ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಅನ್ನುವ ಹೆಂಡದಂಗಡಿಯ ಹುಡುಗ ಒಳಗಿಂದ ಕರೆ ಬಂದಾಗೆಲ್ಲ ‘ಅನಾನ್, ಅನಾನ್’ ಅನ್ನುತ್ತಾನೆ. ಆದರೆ ರಾಜಕುಮಾರ ಮಾತಿಗೆ ಹಿಡಿದು ನಿಲ್ಲಿಸಿಕೊಂಡಿದ್ದಾನೆ, ಹುಡುಗ ನಿಂತಲ್ಲೇ ಇದ್ದಾನೆ! ಆ ಪದ ಹೇಗೆ ಸವೆಯಿತು ಅನ್ನುವುದು ಅಲ್ಲೇ ಕಾಣುತ್ತದೆ. ಆಗಲೇ ಮಾಡುತ್ತೇನೆ ಅಂದವರು ಆಮೇಲೆ ಮಾಡಿದರು, ಪದ ಪಾಪ ಅವರ ನಡತೆಗೆ ತಕ್ಕ ಹಾಗೆ ಬದಲಾಯಿತು.

ಪ್ರೆಸೆಂಟ್ಲಿಗೆ ‘ಸದ್ಯ’ ಅನ್ನುವ ಅರ್ಥವೂ ಹಳೆಯದೇ. ಸ್ಕಾಟ್ಲೆಂಡ್, ಅಮೆರಿಕಗಳಲ್ಲಿ ಅದು ಉಳಿದುಕೊಂಡಿತು. ಅದು ತಪ್ಪು ಪ್ರಯೋಗ ಅಂತ ಇಪ್ಪತ್ತನೇ ಶತಮಾನದ ಕೆಲವು ಭಾಷಾಪಂಡಿತರು ಗದರಿದರೂ ಇಂದಿನ ನಿಘಂಟುಗಳಲ್ಲಿ ಎರಡೂ ಅರ್ಥ ಇವೆ. ಗುರುತಿಸಲು ಕ್ರಿಯಾಪದ ನೋಡಬೇಕು. ಜೊತೆಗೆ ‘ಈಸ್’ ಇದ್ದರೆ ಸಾಮಾನ್ಯವಾಗಿ ಸದ್ಯ, ‘ವಿಲ್’ ಇದ್ದರೆ ಇನ್ನು ಸ್ವಲ್ಪ ಹೊತ್ತಿಗೆ. ನನಗೆ ಬಂದ ಕಾಗದದಲ್ಲಿ ‘ವಿಲ್’ ಇತ್ತು. ಹಾಗಾಗಿ ಅರ್ಧ ತಪ್ಪು ನನ್ನದೇ.

ನಾವೇನು ಕಮ್ಮಿಯಾ? ದೋಸೆ ಕೇಳಿದರೆ ಹೋಟೆಲಿನ ಮಾಣಿ "ಬಂದೆ ಸಾರ್" ಅಂತಾನೆ. ಇನ್ನೂ ಬಂದೇ ಇಲ್ಲ, ಆದರೂ ಭೂತಕಾಲ! "ಈಗ್ ಬಂದೆ" ಅಂತ ಹೊರಗೆ ಹೋದವರು ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ‘ಒಂದ್ನಿಮಿಷ’ದಲ್ಲಿ ಎಷ್ಟು ನಿಮಿಷ ಅಂತ ಎಣಿಸಿದವರುಂಟೇ? ನಿಮ್ಮ ಊರ ಕಡೆ ಇಂಥ ಸವೆದ ಮಾತುಗಳಿದ್ದರೆ ಹೇಳಿ.

ಮೊನ್ನೆ ಅಪ್ಪ ಫೋನಿನಲ್ಲಿ ಊರಿಗೆ ಯಾವಾಗ ಬರ್ತೀಯ ಅಂತ ಕೇಳಿದ. "ಬೇಗ ಬರ್ತೀನಪ್ಪಾ" ಅಂದೆ. ಆ ಕಡೆ ಒಂದು ಕ್ಷಣ ಸುಮ್ಮನಿದ್ದು, "ತಾರೀಖು ಹೇಳು" ಅಂದ.

ಹೇಳಿದೆ. ಟಿಕೆಟ್ಟನ್ನೂ ಮಾಡಿಸಿದ್ದೇನೆ.