ಮಣಿಪಾಲದ ಹಳೆಯ ಮನೆಗಳು: ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಹೋಗುವವರಿಗೆ

ಮೂಡಬಿದಿರೆ, ವೇಣೂರು, ಕಾರ್ಕಳದ ದರ್ಶನಕ್ಕೆ ನಮ್ಮ ಜಿಲ್ಲೆಯಿಂದ ಪ್ರತಿವರ್ಷ ಅನೇಕ ಜೈನ ಕುಟುಂಬಗಳು ಹೋಗಿಬರುತ್ತವೆ. ಕಾರ್ಕಳದವರೆಗೆ ಹೋದವರು ಇನ್ನೊಂದು ಗಂಟೆ ಪ್ರಯಾಣ ಮಾಡಿದರೆ ಮಣಿಪಾಲ ಸಿಗುತ್ತದೆ. ಅಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಎಂಬ ವಸ್ತುಸಂಗ್ರಹಾಲಯವಿದೆ. ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ, ನಾಣ್ಯ ಇಟ್ಟಿರುವ ಜಾಗ ಎಂದೇ ನಾನು ತಿಳಿದಿದ್ದೆ. ಇಲ್ಲಿ ಇಟ್ಟಿರುವುದು ಮನೆಗಳನ್ನು.

ಇದನ್ನು ಕಟ್ಟಿದವರು ವಿಜಯನಾಥ ಶೆಣೈ. ಬ್ಯಾಂಕ್ ನೌಕರಿಯಲ್ಲಿದ್ದವರು, 2017ರಲ್ಲಿ ತೀರಿಕೊಂಡರು. 1974ರ ಭೂಸುಧಾರಣೆಯ ನಂತರ ಕರಾವಳಿಯ ದೊಡ್ಡ ಮನೆತನಗಳಿಗೆ ಗೇಣಿ ನಿಂತಿತು. ಮಕ್ಕಳು ಪಟ್ಟಣ ಸೇರಿದರು, ಮನೆಗಳು ಪಾಲಾದವು. ಕಂಬ, ಬಾಗಿಲುಗಳೆಲ್ಲ ಮರದ ವ್ಯಾಪಾರಿಗಳ ಕೈಸೇರತೊಡಗಿದವು. ಶೆಣೈಯವರು ಮೊದಲು ಅಂಥ ಮರಗಳನ್ನು ಕೂಡಿಸಿ ತಮ್ಮ ವಾಸಕ್ಕೇ ಒಂದು ಮನೆ ಕಟ್ಟಿಕೊಂಡರು. ಹಸ್ತಶಿಲ್ಪ ಎಂಬುದು ಆ ಮನೆಯ ಹೆಸರು. ಆಮೇಲೆ ಬೀಳುವ ಸ್ಥಿತಿಯಲ್ಲಿದ್ದ ಮನೆಗಳ ನಕ್ಷೆ ಬರೆಸಿ, ಫೋಟೋ ತೆಗೆಸಿ, ಒಂದೊಂದು ತುಂಡಿಗೂ ನಂಬರು ಹಾಕಿ ಬಿಚ್ಚಿಸಿ, ಲಾರಿಯಲ್ಲಿ ತಂದು ಮತ್ತೆ ಜೋಡಿಸಿದರು. ಹಳೆಯ ಮರಗೆಲಸದಲ್ಲಿ ತೊಲೆಗೂ ಕಂಬಕ್ಕೂ ಗಾಡಿ ಕೊರೆದು ಮರದ ಮೊಳೆ ಹೊಡೆಯುತ್ತಿದ್ದರು. ಹಾಗಾಗಿ ಮುರಿಯದೆ ಬಿಚ್ಚಲು ಬರುತ್ತದೆ. ಇದು ನನಗೆ ಅಲ್ಲಿಗೆ ಹೋಗುವವರೆಗೂ ಹೊಳೆದಿರಲಿಲ್ಲ.

ಹರ್ಕೂರು ಒಳಗಿನ ಮನೆ, ಕುಂಜೂರು ಚೌಕಿ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ದಖ್ಖನಿ ನವಾಬ್ ಮಹಲ್, ಮಂಗಳೂರು ಕ್ರೈಸ್ತರ ಮನೆ, ಜಂಗಮ ಮಠ ಇವೆಲ್ಲ ಒಂದೇ ಆವರಣದಲ್ಲಿವೆ. ನವಾಬರ ಮಹಲಿನ ಬಣ್ಣದ ಗಾಜು ಎಲ್ಲರಿಗೂ ಇಷ್ಟವಾಗುತ್ತದೆ. ನನಗೆ ಒಳಗಿನ ಮನೆಯೇ ಸಾಕಾಯಿತು. ಅಂಗಳ, ಚಾವಡಿ, ತಗ್ಗಿದ ಬಾಗಿಲು. ಜೊತೆಗಿದ್ದ ನಮ್ಮ ಅಕ್ಕ ಕಂಬದ ಮೇಲೆ ಕೈಯಿಟ್ಟು, "ನಮ್ಮನೆ ಕಂಬಾನೂ ಹಿಂಗೇ ಇದ್ವಲ್ಲೋ" ಎಂದರು. ನಾನು ಮಾತಾಡಲಿಲ್ಲ.

ಗುಬ್ಬಿಯ ನಮ್ಮ ತೊಟ್ಟಿ ಮನೆಯನ್ನು ಪಾಲಾದ ಮೇಲೆ ಅಣ್ಣತಮ್ಮಂದಿರು ಸೇರಿ ಕೆಡವಿಸಿದೆವು. ಎಂಟು ಕಂಬ, ಬೋದಿಗೆಗಳು, ತಲೆಬಾಗಿಲು, ಎಲ್ಲವೂ ಒಂದೇ ಲಾರಿಯಲ್ಲಿ ಹೋದವು. ವ್ಯಾಪಾರ ಕುದುರಿಸಿದವನು ನಾನೇ. ಒಳ್ಳೆಯ ರೇಟು ಬಂತೆಂದು ಆ ದಿನ ಖುಷಿಯಾಗಿಯೇ ಇದ್ದೆ. ಆ ಮನೆಯ ಒಂದು ಫೋಟೋ ಕೂಡ ಈಗ ನಮ್ಮಲ್ಲಿಲ್ಲ. ಇರುವುದೆಲ್ಲ ಮದುವೆ ಫೋಟೋಗಳು, ಅವುಗಳ ಹಿಂದೆ ಅರ್ಧ ಕಂಬ ಕಾಣುತ್ತದೆ ಅಷ್ಟೆ.

ದಾರಿಯ ವಿಷಯ. ತುಮಕೂರು, ಗುಬ್ಬಿಯವರಿಗೆ 73ನೆಯ ಹೆದ್ದಾರಿ ಅನುಕೂಲ: ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿ, ಉಜಿರೆ. ಕುಣಿಗಲ್‌ನವರು 75ನೆಯ ಹೆದ್ದಾರಿ ಹಿಡಿದು ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿಯಬಹುದು. ಮಳೆಗಾಲದಲ್ಲಿ ಎರಡು ಘಾಟಿಗಳಲ್ಲೂ ಮಣ್ಣು ಕುಸಿಯುತ್ತದೆ, ವಿಚಾರಿಸಿಕೊಂಡೇ ಹೊರಡಿ. ಮೊದಲ ರಾತ್ರಿ ಧರ್ಮಸ್ಥಳದಲ್ಲಿ ತಂಗುವುದು ಒಳ್ಳೆಯದು. ಅಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವನ್ನು ಎಲ್ಲರೂ ನೋಡುತ್ತಾರೆ, ನೆಲ್ಯಾಡಿ ಬೀಡನ್ನು ಬಿಟ್ಟುಬಿಡುತ್ತಾರೆ. ಜೈನ ದಂಪತಿಗಳಾದ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿಯವರು ಧರ್ಮದೇವತೆಗಳಿಗಾಗಿ ಬಿಟ್ಟುಕೊಟ್ಟ ಮನೆ ಅದೆಂಬುದು ಕ್ಷೇತ್ರದ ಐತಿಹ್ಯ.

ಮರುದಿನ ವೇಣೂರಿನ ಮೇಲೆ ಮೂಡಬಿದಿರೆಗೆ ಹೋಗಿ. 1430ರ ಸಾವಿರ ಕಂಬದ ಬಸದಿ ನೋಡಿದ ಮೇಲೆ ಚೌಟರ ಅರಮನೆಗೂ ಹೋಗಿ ಬನ್ನಿ. ಚೌಟರು ಜೈನ ಅರಸರು, ಉಳ್ಳಾಲದ ರಾಣಿ ಅಬ್ಬಕ್ಕ ಇದೇ ವಂಶದವರು. ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಇರುವುದು ಅಲ್ಲಿಯ ಮರದ ಕಂಬಗಳ ಮೇಲೆ. ವಂಶದವರು ವಾಸವಿರುವ ಮನೆ ಅದು, ಕೇಳಿಕೊಂಡು ಒಳಗೆ ಹೋಗಬೇಕು. ಮಣಿಪಾಲದ ಮನೆಗಳಲ್ಲಿ ಒಲೆ ಉರಿಯುವುದಿಲ್ಲ, ಇಲ್ಲಿ ಉರಿಯುತ್ತದೆ. ಎರಡನ್ನೂ ನೋಡಿದರೇ ವ್ಯತ್ಯಾಸ ಗೊತ್ತಾಗುವುದು.

ಮಣಿಪಾಲಕ್ಕೆ ಹೊರಡುವ ಮುನ್ನ ಫೋನ್ ಮಾಡಿ ವೇಳೆ, ವಾರದ ರಜೆ, ಟಿಕೆಟ್ ದರ, ಒಳಗೆ ಫೋಟೋ ತೆಗೆಯಬಹುದೇ ಎಂದು ಕೇಳಿ. ಗೈಡ್ ಜೊತೆಯಲ್ಲಿ ನೋಡಿದರೆ ಎರಡು ಗಂಟೆಯಾದರೂ ಬೇಕು. ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ, ಆದ್ದರಿಂದ ಮಂಡಿನೋವಿನವರಿಗೆ ಕೋಲು ಇರಲಿ. ಸೂರ್ಯಾಸ್ತದೊಳಗೆ ಊಟ ಮಾಡುವವರು ಬೆಳಗ್ಗೆಯೇ ನೋಡಿ ಮುಗಿಸಿದರೆ ಗಡಿಬಿಡಿಯಾಗದು.

ಕುಣಿಗಲ್ ತಾಲ್ಲೂಕಿನಲ್ಲಿ ನಮ್ಮ ಅಕ್ಕನ ಮನೆ ಇನ್ನೂ ತೊಟ್ಟಿ ಮನೆಯೇ. ಮಕ್ಕಳು ಕೆಡವುವ ಮಾತಾಡುತ್ತಿದ್ದಾರೆ, ಸೋರುವ ಮನೆಯಲ್ಲಿ ಇರುವವರ ಕಷ್ಟ ಅವರದು, ಬೇಡ ಎನ್ನಲು ನಾನ್ಯಾರು? ಹೋದ ಭಾನುವಾರ ಟೇಪು ಹಿಡಿದು ಪಡಸಾಲೆ, ತೊಟ್ಟಿ, ಅಡಿಗೆಮನೆ, ಅಟ್ಟ ಎಲ್ಲ ಅಳೆದು ಬರೆದುಕೊಂಡೆವು. ಅಳಿಯ ಒಂದೊಂದು ಕಂಬದ ಫೋಟೋ ತೆಗೆದ. ಬಿಚ್ಚುವುದೇ ಆದರೆ ಸೀಮೆಸುಣ್ಣದಲ್ಲಿ ನಂಬರು ಹಾಕಬೇಡಿ, ಮಳೆಗೆ ಹೋಗುತ್ತದೆ, ಬಣ್ಣದಲ್ಲೇ ಹಾಕಿ ಎಂದು ಹೇಳಿ ಬಂದಿದ್ದೇನೆ.