ಕೊರಳ ಮುತ್ತು, ಕೊರಳ ಸ್ಕಾರ್ಫ್: ವಿಜಯನಗರ ಸೀಮೆಯಲ್ಲಿ ಗೈಡ್ ದೀಕ್ಷೆಯ ಅರ್ಥ

ಹತ್ತು ತುಂಬಿದ ಹುಡುಗಿ ಶಾಲೆಯ ಗೈಡ್ ದಳಕ್ಕೆ ಸೇರುವ ವಿಧಿಗೆ 'ದೀಕ್ಷೆ' ಎಂಬ ಹೆಸರಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಇದು ಹಗುರವಾದ ಮಾತಲ್ಲ. ಇಲ್ಲಿಯ ಲಿಂಗಾಯತ ಮನೆಗಳಲ್ಲಿ ಹೆಣ್ಣುಮಕ್ಕಳಿಗೂ ಲಿಂಗದೀಕ್ಷೆ ಆಗುತ್ತದೆ. ದಲಿತ ಕೇರಿಗಳಲ್ಲಿ ಹುಲಿಗೆಮ್ಮನ ಹೆಸರಲ್ಲಿ, ಉಚ್ಚಂಗಿ ಎಲ್ಲಮ್ಮನ ಹೆಸರಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ ನೆನಪು ಇನ್ನೂ ಆರಿಲ್ಲ. ಇಂಥ ನೆಲಕ್ಕೆ ಹೊರಗಿನಿಂದ ಬಂದ ಒಂದು ಸಂಸ್ಥೆ ಹುಡುಗಿಯರಿಗೆ ದೀಕ್ಷೆ ಕೊಡುತ್ತದೆ ಎಂದರೆ, ಅದು ಯಾವ ಬಗೆಯ ದೀಕ್ಷೆ ಎಂದು ಕೇಳಲೇಬೇಕಾಗುತ್ತದೆ. ಗೈಡ್ ಚಳವಳಿಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಶಿಸ್ತು, ಸೇವೆ, ಶಿಬಿರಗಳ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ಹೆಚ್ಚಿನ ಬೆಲೆ ಇರುವುದು ಸೇರುವ ಆ ಗಳಿಗೆಯಲ್ಲೇ.

ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಹುಡುಗಿಯರು ಕರೆಯದೆಯೇ ಬಂದು, ತಮಗೂ ಜಾಗ ಬೇಕೆಂದರು. ಮರುವರ್ಷ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್‌ಳ ಕೈಗೆ ಗೈಡ್ ಸಂಸ್ಥೆಯನ್ನು ಒಪ್ಪಿಸಿದ. ಆಕೆ 1912ರಲ್ಲಿ ಹೊರತಂದ ಕೈಪಿಡಿಯ ಹೆಸರಿನಲ್ಲೇ ಸಾಮ್ರಾಜ್ಯ ಕಟ್ಟಲು ಹುಡುಗಿಯರು ನೆರವಾಗಬೇಕೆಂಬ ಮಾತಿದೆ. ಭಾರತದ ಮೊದಲ ಗೈಡ್ ದಳ 1911ರಲ್ಲಿ ಜಬಲ್‌ಪುರದಲ್ಲಿ ಹುಟ್ಟಿತು. ಅದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗಿಯರಿಗಷ್ಟೆ ತೆರೆದಿತ್ತು. ಭಾರತೀಯ ಮಕ್ಕಳಿಗೂ ಸ್ಕೌಟಿಂಗ್ ಸಲ್ಲಬೇಕೆಂದು ಆನಿ ಬೆಸೆಂಟ್ ಮದ್ರಾಸಿನಲ್ಲೂ ಮದನಮೋಹನ ಮಾಳವೀಯ ಅಲಹಾಬಾದಿನಲ್ಲೂ ಬೇರೆ ಸಂಘಗಳನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದವು. ಗೈಡ್ ಸಂಘ 1951ರ ಆಗಸ್ಟ್ 15ರಂದು ಅದರೊಳಗೆ ಬಂತು.

ನಮ್ಮ ಸೀಮೆಗೆ ಬಂದರೆ ಈ ಚರಿತ್ರೆ ಸಲೀಸಾಗಿ ಸಾಗುವುದಿಲ್ಲ. ಕರ್ನಾಟಕದ ಸ್ಕೌಟ್-ಗೈಡ್ ಕತೆಯನ್ನು ಮೈಸೂರು ಸಂಸ್ಥಾನದಿಂದ ಶುರುಮಾಡುವುದು ವಾಡಿಕೆ. ಆದರೆ ಹೊಸಪೇಟೆ, ಹಂಪಿ, ಕಂಪ್ಲಿಗಳು ಆಗ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. 1949ರಲ್ಲಿ ಅದೂ ಮದ್ರಾಸಿಗೆ ಸೇರಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿ ಸುಮಾರು ಮೂರು ವರ್ಷಗಳಾದ ಮೇಲೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಹೋದವು, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಈ ನಾಲ್ಕು ಊರುಗಳ ಗೈಡ್ ಇತಿಹಾಸ ಬರೆಯುವವರು ಬೆಂಗಳೂರಿನ ಕಡತಗಳ ಜೊತೆಗೆ ಚೆನ್ನೈನ ಕಡತಗಳನ್ನೂ ಬಿಚ್ಚಬೇಕು.

ಈಗ ವಿಧಿಗೆ ಬರೋಣ. ಬಂದ ದಿನವೇ ಯಾರಿಗೂ ದೀಕ್ಷೆ ಸಿಗುವುದಿಲ್ಲ. ಮೂರು ತಿಂಗಳು 'ಪ್ರವೇಶ'ದ ಕಲಿಕೆ ನಡೆಯಬೇಕು: ಪ್ರತಿಜ್ಞೆ, ನಿಯಮಗಳ ಅರ್ಥ, ಮೂರು ಬೆರಳಿನ ವಂದನೆ, ಎಡಗೈ ಕುಲುಕು, ಧ್ವಜ, ದಿನಕ್ಕೊಂದು ಒಳ್ಳೆಯ ಕೆಲಸ. ಆರೆಂಟು ಹುಡುಗಿಯರ 'ಪ್ಯಾಟ್ರೋಲ್' ಎಂಬ ಚಿಕ್ಕ ತಂಡಕ್ಕೆ ಹೂವಿನ ಹೆಸರು, ಅದಕ್ಕೆ ಅವರಲ್ಲೇ ಒಬ್ಬಳು ನಾಯಕಿ. ದೀಕ್ಷೆಯ ದಿನ ಈ ನಾಯಕಿಯೇ ಹೊಸಬಳನ್ನು ಮುಂದಕ್ಕೆ ಕರೆತರುತ್ತಾಳೆ. ದಳದ ಹೊಣೆ ಹೊತ್ತ ಗೈಡ್ ಕ್ಯಾಪ್ಟನ್ ಹೊಸಬಳನ್ನೇ ಕೇಳುತ್ತಾರೆ: ನಿನ್ನ ಗೌರವ ಎಂದರೆ ಏನೆಂದು ಗೊತ್ತೆ? ನಿನ್ನನ್ನು ನಂಬಬಹುದೆ? ಹುಡುಗಿ ಉತ್ತರ ಕೊಡಬೇಕು. ಆಮೇಲೆ ದೇವರು, ದೇಶ, ಪರರ ಸೇವೆ, ಗೈಡ್ ನಿಯಮ ಇವುಗಳ ಬಗ್ಗೆ ಪ್ರತಿಜ್ಞೆಯನ್ನು ತನ್ನ ಬಾಯಿಂದ ಆಡಬೇಕು. 'ದೇವರು' ಎಂಬಲ್ಲಿ 'ಧರ್ಮ' ಎನ್ನಲು ಅವಕಾಶವಿದೆ. ಸದಸ್ಯತ್ವದ ಬ್ಯಾಡ್ಜ್ ಆಮೇಲಿನದು.

ಇದನ್ನು ಈ ಸೀಮೆಯ ಹುಡುಗಿಯೊಬ್ಬಳು ಹಾದುಬರುವ ಉಳಿದ ವಿಧಿಗಳ ಪಕ್ಕದಲ್ಲಿಟ್ಟು ನೋಡಬೇಕು. ದೊಡ್ಡಾಕಿ ಆದಾಗ ಅವಳನ್ನು ಕೂರಿಸಿ ಆರತಿ ಎತ್ತುತ್ತಾರೆ, ಉಡಿ ತುಂಬುತ್ತಾರೆ. ಅವಳು ಮಾತಾಡಬೇಕಾದ ಒಂದು ಗಳಿಗೆಯೂ ಅದರಲ್ಲಿಲ್ಲ. ಮದುವೆಯ ಮಾತುಕತೆಯನ್ನು ಹಿರಿಯರೇ ಮುಗಿಸುತ್ತಾರೆ. ಮುತ್ತು ಕಟ್ಟುವುದಂತೂ ಅವಳ ಒಪ್ಪಿಗೆಯನ್ನು ಕೇಳಿದ್ದೇ ಇಲ್ಲ. ಮನೆಯಲ್ಲಿ ಗಂಡುಮಗುವಿಲ್ಲವೆಂದೋ, ಕಾಯಿಲೆಯ ಹರಕೆಯೆಂದೋ, ತಾಯಿಗೂ ಕಟ್ಟಿತ್ತೆಂದೋ ಕೆಂಪು ಬಿಳಿ ಮಣಿಯ ಸರ ಅವಳ ಕೊರಳಿಗೆ ಬಿದ್ದಿತು. ಇದನ್ನು ತಡೆಯಲು ಈ ಸೀಮೆಗೆ ಅನ್ವಯವಾಗುತ್ತಿದ್ದ ಮದ್ರಾಸಿನ ಕಾಯ್ದೆ 1947ರಲ್ಲೇ ಬಂದಿತ್ತು. ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ಆದರೂ 2007-08ರ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿಯರ ಸಂಖ್ಯೆ 46,660.

ಗೈಡ್ ಹುಡುಗಿಯ ಕೊರಳಿಗೂ ಒಂದು ವಸ್ತು ಬರುತ್ತದೆ, ಸ್ಕಾರ್ಫ್. ಅವಳೂ ಒಂದು ಗುಂಪಿಗೆ ಸೇರುತ್ತಾಳೆ, ಹೊಸ ಹೆಸರು ಪಡೆಯುತ್ತಾಳೆ. ಎರಡರ ಹೊರರೂಪ ಇಷ್ಟು ಹತ್ತಿರವಿರುವುದರಿಂದಲೇ ಒಳಗಿನ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದರಲ್ಲಿ ವಂಶ ಮಾತಾಡಿತು. ಇನ್ನೊಂದರಲ್ಲಿ ಹುಡುಗಿ ಮಾತಾಡುತ್ತಾಳೆ. ಇಲ್ಲಿ ಅಮೆರಿಕದ ಉದಾಹರಣೆ ನೆರವಿಗೆ ಬರುತ್ತದೆ. ಅಲ್ಲಿ ಫ್ರೀಮೇಸನ್ ಬಳಗದ ಆಸರೆಯಲ್ಲಿ 1920ರಲ್ಲಿ ಒಮಾಹಾದಲ್ಲಿ 'ಜಾಬ್ಸ್ ಡಾಟರ್ಸ್', 1922ರಲ್ಲಿ ಓಕ್ಲಹೋಮಾದಲ್ಲಿ 'ರೇನ್‌ಬೋ ಗರ್ಲ್ಸ್' ಎಂಬ ಹುಡುಗಿಯರ ಸಂಘಗಳು ಹುಟ್ಟಿದವು. ಜಾಬ್ಸ್ ಡಾಟರ್ಸ್ ಸೇರಲು ಬಹುಕಾಲ ಮೇಸನ್ ಸಂಬಂಧಿಕರೊಬ್ಬರು ಇರಬೇಕಿತ್ತು. ಆದರೆ ಗೈಡ್ ದೀಕ್ಷೆಗೆ ಅಪ್ಪ ಯಾರು, ಕುಲ ಯಾವುದು ಎಂಬುದು ಲೆಕ್ಕಕ್ಕಿಲ್ಲ. ಅಪ್ಪನ ಹೆಸರು ಕೇಳಿದಾಗಲೆಲ್ಲ ತಲೆ ತಗ್ಗಿಸಬೇಕಾದ ಮಕ್ಕಳಿರುವ ಕೇರಿಗಳಲ್ಲಿ ಇದರ ತೂಕ ದೊಡ್ಡದು.

ಹೆಣ್ಣಿನ ಸ್ವಂತ ಸಂಕಲ್ಪವೆಂಬುದು ಈ ನೆಲಕ್ಕೆ ಪರಕೀಯವೂ ಅಲ್ಲ. ಹಂಪಿಯ ಸ್ಥಳಪುರಾಣದ ಪಂಪೆಯನ್ನು ಯಾರೂ ವಿರೂಪಾಕ್ಷನಿಗೆ ಒಪ್ಪಿಸಲಿಲ್ಲ. ತಪಸ್ಸು ಮಾಡಿ ಅವಳೇ ಶಿವನನ್ನು ಒಲಿಸಿಕೊಂಡಳು. ಅವರ ನಿಶ್ಚಿತಾರ್ಥವೇ ಇಂದಿಗೂ ನಡೆಯುವ ಫಲಪೂಜೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ವಿಜಯನಗರದ ಅರಮನೆಯಲ್ಲಿ ಕುಸ್ತಿ ಹಿಡಿಯುವ, ಲೆಕ್ಕ ಬರೆಯುವ ಹೆಂಗಸರಿದ್ದರೆಂದು ದಾಖಲಿಸಿದ್ದಾನೆ. ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ ಕಲಿಯುವ ಇಂದಿನ ಹುಡುಗಿಗೆ ಇವರು ದೂರದವರಲ್ಲ.

ಪಾಲಕರ ಕಡೆಯಿಂದ ನೋಡಿದರೆ ಮಗಳನ್ನು ಗೈಡ್ ದಳಕ್ಕೆ ಸೇರಿಸುವ ಕಾರಣ ಬೇರೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ. ಹೊಸಪೇಟೆಯಂಥ ರೈಲು ಜಂಕ್ಷನ್ ಊರಿನಲ್ಲಿ ಅದು ಸಣ್ಣ ಆಕರ್ಷಣೆಯಲ್ಲ. ಪ್ರಥಮ, ದ್ವಿತೀಯ, ತೃತೀಯ ಸೋಪಾನ ಎಂಬ ಹಂತಗಳನ್ನು ದಾಟಿ ರಾಜ್ಯ ಪುರಸ್ಕಾರದವರೆಗೆ ಮಗಳನ್ನು ಕಳಿಸುವ ತಾಯಿಯ ಮನಸ್ಸಿನಲ್ಲಿ ನೌಕರಿಯ ಆಸೆ ಇದ್ದರೆ ತಪ್ಪಿಲ್ಲ. ಆದರೆ ಆ ದಾರಿಯಲ್ಲಿ ಸಮವಸ್ತ್ರದ ಖರ್ಚು, ಶಿಬಿರದ ಬಸ್ ಚಾರ್ಜು, ಸಂಜೆ ತಡವಾಗುವ ಭಯ ಎದುರಾಗುತ್ತವೆ. ಇಡೀ ಶಾಲೆಯ ಹೆಸರನ್ನು ಪಟ್ಟಿಯಲ್ಲಿ ಬರೆದು ದೀಕ್ಷೆಯನ್ನು ಬರಿಯ ಫೋಟೋ ಕಾರ್ಯಕ್ರಮ ಮಾಡಿದರೆ ಅದು ಇನ್ನೂ ದೊಡ್ಡ ಅನ್ಯಾಯ; ಕೇಳದೆ ಸೇರಿಸುವುದನ್ನು ಈ ಹುಡುಗಿಯರು ಬೇಕಾದಷ್ಟು ಕಂಡಿದ್ದಾರೆ.

ಸಂಡೂರಿನ ಗಣಿ ಹಳ್ಳಿಗಳ, ಲಂಬಾಣಿ ತಾಂಡಾಗಳ, ಕಂಪ್ಲಿಯ ಗದ್ದೆ ಸೀಮೆಯ ಮುಖ್ಯೋಪಾಧ್ಯಾಯರಲ್ಲಿ, ಬಾಲಕಿಯರ ಹಾಸ್ಟೆಲ್ ವಾರ್ಡನ್‌ಗಳಲ್ಲಿ ನನ್ನದೊಂದು ಕೋರಿಕೆ. ಮೂರು ತಿಂಗಳ ಪ್ರವೇಶವನ್ನು ಪೂರ್ತಿ ನಡೆಸಿ. ಸಮವಸ್ತ್ರಕ್ಕೆ ದುಡ್ಡಿಲ್ಲವೆಂದು ಯಾರನ್ನೂ ಹಿಂದೆ ಕಳಿಸಬೇಡಿ. ಅನುಮತಿ ಪತ್ರಕ್ಕೆ ತಾಯಿಯ ಸಹಿ ಸಾಕೆಂದು ಮೊದಲೇ ಹೇಳಿಬಿಡಿ. ದೀಕ್ಷೆಯ ದಿನ ಆ ತಾಯಿಯನ್ನು ಕರೆಸಿ, ಮಗಳ ಮಾತು ಕೇಳಿಸುವಷ್ಟು ಹತ್ತಿರ ಕೂರಿಸಿ.