ಅಂಗಳದ ಹಗೇವು

ನಾವು ಮಕ್ಕಳು ಊಟದ ಎಲೆಯಲ್ಲಿ ಏನಾದರೂ ಬಿಟ್ಟರೆ ಅಜ್ಜಿ ಬಯ್ಯುತ್ತಿರಲಿಲ್ಲ. "ಧಾತು ಈಶ್ವರ ಕಂಡಿದ್ದರೆ ಬಿಡ್ತಿರಲಿಲ್ಲ" ಎಂದಷ್ಟೇ ಹೇಳುತ್ತಿದ್ದಳು. ಧಾತು, ಈಶ್ವರ ಎಂದರೆ ಯಾರೋ ಸಿಡುಕಿನ ನೆಂಟರು ಎಂದುಕೊಂಡಿದ್ದೆ. ಅವು ಸಂವತ್ಸರಗಳ ಹೆಸರು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಧಾತು ಎಂದರೆ 1876-77, ಈಶ್ವರ ಎಂದರೆ 1877-78. ಅಜ್ಜಿಯ ಅತ್ತೆ ಆಗ ಸಣ್ಣ ಹುಡುಗಿ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬೆಂಗಳೂರಿನವರೆಗೆ ರೈಲು ಬಂದಿತ್ತು, ಅದರಲ್ಲಿ ಧಾನ್ಯವೂ ಬಂತು. ಆದರೆ ಅಲ್ಲಿಂದ ಹಳ್ಳಿಗಳಿಗೆ ಗಾಡಿ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಬೆಲೆ ಏರಿತು, ಕೂಲಿಯವರಿಗೂ ನೇಕಾರರಿಗೂ ಕೆಲಸವೇ ಇರಲಿಲ್ಲ. ಮಾರುಕಟ್ಟೆಯಲ್ಲಿ ಕಾಳಿದ್ದರೂ ಕೊಳ್ಳಲು ಕೈಯಲ್ಲಿ ಕಾಸಿಲ್ಲ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು. ನೆರೆಯ ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ, ಇಡೀ ದಿನ ಕಲ್ಲು ಮಣ್ಣು ಹೊತ್ತ ಗಂಡಾಳಿಗೂ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕದಲ್ಲಿ ಕೂಲಿ ಕಟ್ಟಿದ್ದರು. ಮೇಲೆ ಚಿಲ್ಲರೆ ಕಾಸು. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಮನೆಯಲ್ಲಿ ಅಳೆದು ಬಡಿಸುವ ನಮಗೆ ಆ ಲೆಕ್ಕ ಅರ್ಥವಾಗಲು ಪುಸ್ತಕ ಬೇಕಿಲ್ಲ.

ಮಳೆ ಬಾರದಿರುವುದು ಬರ. ಜನ ಹಸಿದು ಸಾಯುವುದು ಕ್ಷಾಮ. ಮೊದಲನೆಯದು ಆಕಾಶದ್ದು, ಎರಡನೆಯದು ನೆಲದ ಮೇಲಿನ ನಮ್ಮ ವ್ಯವಸ್ಥೆಯದು. ಎರಡರ ನಡುವೆ ನಿಲ್ಲುವುದು ಕೂಡಿಟ್ಟದ್ದು ಮಾತ್ರ.

ಅಜ್ಜಿಯ ಅಂಗಳದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅದರ ಕೆಳಗೆ ಹಗೇವು. ರಾಗಿಗೆ ಹುಳು ಹಿಡಿಯುವುದು ಅಪರೂಪ. ತೇವ ತಾಗದಿದ್ದರೆ ನೆಲದೊಳಗೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹಗೇವು ತೆರೆದ ದಿನ ಯಾರನ್ನೂ ತಕ್ಷಣ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗ ಕಟ್ಟಿದ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ಅಜ್ಜಿ ಆ ಬೆಳಕಿನಲ್ಲಿ ಇನ್ನೊಂದನ್ನೂ ನೋಡುತ್ತಿದ್ದಳು: ರಾಗಿ ಎಷ್ಟು ಉಳಿದಿದೆ? ಮುಂದಿನ ಮಳೆಯವರೆಗೆ ಸಾಲುತ್ತದೆಯೇ? ತೆಗೆದಷ್ಟನ್ನು ಸುಗ್ಗಿಯಲ್ಲಿ ಮತ್ತೆ ತುಂಬಬೇಕು ಎಂಬುದು ಆ ಮನೆಯ ಕಟ್ಟಳೆ.

2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದರೂ ಧಾತು ಈಶ್ವರ ಮರುಕಳಿಸಲಿಲ್ಲ. ಸರ್ಕಾರದ ಉಗ್ರಾಣದಲ್ಲಿ ಅಕ್ಕಿಯಿತ್ತು, ಕೈಯಲ್ಲಿ ಪಡಿತರ ಚೀಟಿಯಿತ್ತು. ಇದು ಸಣ್ಣ ಗೆಲುವಲ್ಲ. ಕಾಳಿನ ಹಗೇವನ್ನು ನಾವು ಊರಿಗೇ ದೊಡ್ಡದು ಮಾಡಿಕೊಂಡೆವು.

ನೀರಿನದು ಹಾಗಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತಿತು. ಟ್ಯಾಂಕರ್ ಬರುವ ಹೊತ್ತಿಗೆ ಕೊಡ ಹಿಡಿದು ನಿಂತವರೆಲ್ಲ ಹೆಂಗಸರೇ. ನೆಲದಡಿಯ ನೀರೂ ಒಂದು ಹಗೇವೇ ಅಲ್ಲವೇ? ಅದಕ್ಕೆ ಸುಗ್ಗಿಯೆಂದರೆ ಮಳೆಗಾಲ, ತುಂಬುವ ಬಾಯಿ ಎಂದರೆ ಕೆರೆ. ನಮ್ಮ ಊರಿನ ಕೆರೆಗೆ ನೀರು ತರುವ ಕಾಲುವೆಯ ಮೇಲೆ ಈಗ ಮನೆಗಳಿವೆ. ಅವುಗಳಲ್ಲೊಂದು ನನ್ನದೂ ಹೌದು.

ಈ ಸಲ ಮಾಳಿಗೆಯ ಮಳೆನೀರು ಚರಂಡಿಗೆ ಹೋಗದಂತೆ ಹಿತ್ತಿಲಲ್ಲಿ ಇಂಗುಗುಂಡಿ ತೋಡಿಸಿದ್ದೇನೆ. ಅಷ್ಟರಿಂದ ಕಾಲುವೆ ಮರಳಿ ಬರುವುದಿಲ್ಲ, ಗೊತ್ತು. ಆದರೆ ಎಷ್ಟೋ ವರ್ಷ ಬರೀ ತೆಗೆದವಳು, ಒಂದು ಬೊಗಸೆಯನ್ನಾದರೂ ತಿರುಗಿ ತುಂಬಬೇಕಲ್ಲ.